ಬೊಬ್ಬೆಯೊಳಗೆ ಬಿಡಬೇಕಾದ ದಾರ

ನಮ್ಮ ಮನೆಯ ಕ್ಯಾಲೆಂಡರಿನ ಬಲಮೂಲೆಯಲ್ಲಿ ಒಂದು ಸೂಜಿ ಸದಾ ಚುಚ್ಚಿಕೊಂಡಿರುತ್ತದೆ. ವರ್ಷಕ್ಕೊಮ್ಮೆ ಕ್ಯಾಲೆಂಡರ್ ಬದಲಾಗುತ್ತದೆ, ಸೂಜಿ ಮಾತ್ರ ಅದೇ. ಅಬ್ಬಾ, ಅಂದರೆ ನನ್ನಪ್ಪ, ಬಸವನ ಬಾಗೇವಾಡಿಯಲ್ಲಿ ಟೇಲರ್. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಸೂಜಿಗಳಿದ್ದರೂ ಇದು ಬಟ್ಟೆಯದಲ್ಲ, ಕಾಲಿನದು. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೊರಟವರು ನಮ್ಮೂರು ದಾಟಿ ಮುದ್ದೇಬಿಹಾಳದ ಹಾದಿ ಹಿಡಿಯುವ ದಿನಗಳಲ್ಲಿ ಅಬ್ಬಾ ಮಷೀನಿಗೆ ಬಟ್ಟೆ ಹೊದಿಸಿ, ಬೇವಿನ ಮರದ ಕೆಳಗೆ ಚಾಪೆ ಹಾಸಿ, ಕುದಿಸಿದ ಸೂಜಿ, ಬಿಳಿ ದಾರ, ಕೊಬ್ಬರಿ ಎಣ್ಣೆ ಇಟ್ಟುಕೊಂಡು ಹಾದುಹೋಗುವವರ ಅಂಗಾಲಿನ ಬೊಬ್ಬೆ ಚುಚ್ಚುತ್ತಾರೆ. ಅವರ ಅಪ್ಪನೂ ಅಲ್ಲಿಯೇ ಕೂರುತ್ತಿದ್ದರಂತೆ. ಪಕ್ಕದಲ್ಲಿ ನಡೆಯುವವರಿಗೆಂದು ಅಮ್ಮಿಯ ಅಂಬಲಿಯ ಕೊಡ.

ಇಂಥ ಮನೆಯಲ್ಲಿ ಹುಟ್ಟಿದ ಸಂಶಯಪಿಶಾಚಿ ನಾನು. ಇತಿಹಾಸದಲ್ಲಿ ಎಂ.ಎ., ಚರ್ಚಾಸ್ಪರ್ಧೆಗಳಲ್ಲಿ ಹನ್ನೊಂದು ಕಪ್ಪು. ಅಮ್ಮಿ ಅವುಗಳಲ್ಲೊಂದಕ್ಕೆ ಗುಂಡಿ, ಇನ್ನೊಂದಕ್ಕೆ ಉಪ್ಪು ತುಂಬಿ ನನ್ನ ಕೀರ್ತಿಯನ್ನು ಲೋಕೋಪಯೋಗಿಯಾಗಿಸಿದ್ದಾಳೆ. ಬಸ್ಸು ಎಷ್ಟಕ್ಕೆ ಬರುತ್ತದೆ ಎಂದು ನೀವು ಕೇಳಿದರೆ, ಬರುವುದೆಂದರೆ ಏನೆಂದು ಮೊದಲು ನಿರ್ವಚಿಸಿ ಎನ್ನುವ ಜಾತಿ ನನ್ನದು.

ಹನ್ನೊಂದನೆಯ ಕಪ್ಪು ಸಿಕ್ಕಿದ್ದು ಇಂಡಿ ಪಟ್ಟಣದಲ್ಲಿ, ಈ ಸಲದ ಪಾದಯಾತ್ರೆಗೆ ಒಂದು ವಾರ ಮುಂಚೆ. ವಿಷಯ: ಯಾತ್ರೆಯಿಂದ ಸಮಾಜ ಬದಲಾಗುತ್ತದೆಯೇ? ಇಲ್ಲವೆಂದು ವಾದಿಸಲು ನಾನು ಎಳೆತಂದದ್ದು ಹಳೆಯ ಚೀನವನ್ನು. ಬುದ್ಧ ಹುಟ್ಟಿದ ನೆಲ ನೋಡಬೇಕೆಂದು ಮರಳುಗಾಡು, ಹಿಮಪರ್ವತ ತುಳಿದು ಬಂದ ಭಿಕ್ಷುಗಳು ಬೆರಳೆಣಿಕೆ. ಕೆಲವರು ಹಾದಿಯಲ್ಲೇ ಸತ್ತರು, ತಿರುಗಿ ಹೋದವರು ಗ್ರಂಥಗಳನ್ನು ಹೊತ್ತೊಯ್ದರು, ಅರಸರು ಅವರನ್ನು ಕೂರಿಸಿಕೊಂಡು ಅನುವಾದ ಮಾಡಿಸಿದರು, ಸರಿ. ಹೊಲದಲ್ಲಿದ್ದ ರೈತನ ತಾಟಿಗೆ ಏನು ಬಂತು? ಎದುರಿಗಿದ್ದ ಹುಡುಗಿ ಸಾವಕಾಶ ಎದ್ದು, ಭಿಕ್ಷುಗಳನ್ನಷ್ಟೇ ಯಾಕೆ ನೋಡುತ್ತೀರಿ ಎಂದಳು. ದೂರದೇಶಕ್ಕೆ ಹೋಗಲಾಗದ ಚೀನದ ಜನ ತಮ್ಮ ಬೆಟ್ಟಗಳನ್ನೇ ಪುಣ್ಯಕ್ಷೇತ್ರ ಮಾಡಿಕೊಂಡರು. ಎಲ್ಲಿಗೂ ಹೋಗದ ಹಳ್ಳಿಯವರು ಸಂಘ ಕಟ್ಟಿ ಬಾವಿ ತೋಡಿದರು, ಸೇತುವೆ ಹಾಕಿದರು, ಬೆಟ್ಟದ ಹಾದಿಯುದ್ದಕ್ಕೂ ನಡೆಯುವವರಿಗೆ ತಂಗುವ ಜಾಗ, ಕುಡಿಯಲು ಗಂಜಿ. "ಗಂಜಿ ಚರಿತ್ರೆಯಲ್ಲ!" ಎಂದು ನಾನು ಮೇಜು ಗುದ್ದಿದೆ. ಚಪ್ಪಾಳೆಯೋ ಚಪ್ಪಾಳೆ. ಮನೆಗೆ ಬಂದು ಅಂಬಲಿ ಕುಡಿದು ಮಲಗಿದೆ.

ಈ ವರ್ಷ ಅಬ್ಬಾನ ಕೈ ನಡುಗತೊಡಗಿತ್ತು. "ಎಣ್ಣಿ ನಾ ಹಚ್ಚತೇನಿ, ಸೂಜಿ ನೀ ಹಿಡಿ," ಎಂದರು. ನನ್ನ ಮೊದಲ ಗಿರಾಕಿ ಇಂಡಿ ಬಳಿಯ ಸಾಲೋಟಗಿಯ ಗಂಗವ್ವ. ಹಿಮ್ಮಡಿಯಲ್ಲಿ ರೂಪಾಯಿಯಗಲದ ಬೊಬ್ಬೆ. ಸೊಸೆಯ ಹೆರಿಗೆ ಸುಸೂತ್ರ ಆದರೆ ಶ್ರೀಶೈಲದ ಮಲ್ಲಯ್ಯನ ಗುಡಿತನಕ ನಡೆದೇ ಬರುತ್ತೇನೆಂದು ಹರಕೆ ಹೊತ್ತಿದ್ದಳು. ಹೆರಿಗೆ ಆಗಿತ್ತು, ನಡಿಗೆ ಬಾಕಿ ಇತ್ತು. ಗಾಡಿ ಹತ್ತಿದರೆ ಹರಕೆ ಮುರಿದಂತೆ. ನಾನೋ ದಾರ ಪೋಣಿಸುತ್ತಲೇ ಬಸ್ಸಿನ ಪರ ಮೂರು ಅಂಶ ಮಂಡಿಸಿದೆ: ದೇವರು ಎಲ್ಲೆಡೆ ಇದ್ದರೆ ನಡೆಯುವುದೇಕೆ, ಒಂದೇ ಕಡೆ ಇದ್ದರೆ ಬೇಗ ಮುಟ್ಟಬಾರದೇಕೆ, ಮೂರನೆಯದು ಈಗ ನೆನಪಿಲ್ಲ.

"ಹರಕಿ ಹೊತ್ತಾಕಿ ನಾನೋ ತಮ್ಮಾ, ಬಸ್ಸಲ್ಲ. ನೀ ಮೊದಲ ಚುಚ್ಚು."

ಚುಚ್ಚಿದೆ. ನೀರಿಳಿಯಿತು. ಅಬ್ಬಾ ಆಚೆ ಇನ್ನೊಬ್ಬರ ಕಾಲು ತಿಕ್ಕುತ್ತಿದ್ದರು. ಮಂಡಿಸಿದ್ದನ್ನು ಮುಗಿಸಿಯೇ ಕೂರಬೇಕೆಂದು ಕಲಿತವನಲ್ಲವೇ, ದಾರವನ್ನು ಪೂರ್ತಿ ಎಳೆದು, ಇಳಿದ ನೀರು ಒರೆಸಿ, ಅಚ್ಚುಕಟ್ಟಾಗಿ ಕಳಿಸಿಕೊಟ್ಟೆ.

ಮಧ್ಯಾಹ್ನ ಉಣ್ಣುವಾಗ ಅಬ್ಬಾ ಕೇಳಿದರು, "ದಾರ ಬಿಟ್ಟಿಯಲ್ಲ?"

"ತಗದೆ. ಸ್ವಚ್ಛ ಮಾಡಿದೆ."

ಅಬ್ಬಾ ಕೈಯ ತುತ್ತನ್ನು ತಾಟಿಗಿಟ್ಟರು. "ಹುಚ್ಚಪ್ಪಾ! ದಾರ ಒಳಗ ಇದ್ರ ನೀರು ಹನಿ ಹನಿ ಇಳಿತೈತಿ. ತಗದ್ರ ತೂತು ಮುಚ್ಚಿ ಮತ್ತ ತುಂಬತೈತಿ. ಆ ಮುದುಕಿ ಮುದ್ದೇಬಿಹಾಳ ಮುಟ್ಟೂದಿಲ್ಲ. ಹನ್ನೊಂದು ಕಪ್ಪು ಯಾತಕ್ಕ ಕೊಟ್ರೋ ನಿನಗ?"

"ಉಪ್ಪು ಹಾಕಾಕ," ಎಂದಳು ಅಮ್ಮಿ.

ಬೈಕು ಹತ್ತಿದೆ. ಹುಟ್ಟಿದಾಗಿನಿಂದ ಕಂಡ ಹಾದಿಯನ್ನು ಅಂದು ಒಂದು ಅಂಗಾಲನ್ನು ಹುಡುಕುತ್ತ ನೋಡಿದೆ. ಒಬ್ಬ ತನ್ನ ಹೊಲದ ಕಲ್ಲಂಗಡಿ ಹೆಚ್ಚಿ ಹಂಚುತ್ತಿದ್ದ. ಒಬ್ಬಳು ಬಿಸಿನೀರಲ್ಲಿ ಯಾರದೋ ಕಾಲು ತೊಳೆಯುತ್ತಿದ್ದಳು. ಒಂದು ಗ್ಯಾರೇಜಿನ ಮುಂದೆ ರಸ್ತೆಯುದ್ದ ಬಿಂದಿಗೆಗಳ ಸಾಲು. ಇವರ‍್ಯಾರೂ ಶ್ರೀಶೈಲಕ್ಕೆ ಹೋಗುವವರಲ್ಲ. ಯಾರೋ ತಮ್ಮ ಮುಂದೆ ನಡೆದುಹೋಗುತ್ತಾರೆಂಬ ಒಂದೇ ಕಾರಣಕ್ಕೆ ವರ್ಷದ ಕೆಲವು ದಿನ ಬೇರೆ ಮನುಷ್ಯರಾಗುವವರು. ಇಂಡಿಯ ಚರ್ಚೆಯಲ್ಲಿ ಆ ಹುಡುಗಿ ಚೀನದ ಹಳ್ಳಿಗಳ ಬಗ್ಗೆ ಹೇಳಿದ್ದು ಇಷ್ಟನ್ನೇ ಅಲ್ಲವೇ? ಸಾವಿರ ಮೈಲಿಯಾಚೆಯ ರೈತನ ತಾಟಿಗೆ ಏನು ಬಂತೆಂದು ಮೇಜು ಗುದ್ದಿ ಕೇಳಿದವನಿಗೆ ತನ್ನ ಮನೆಯ ಅಂಬಲಿಯ ಕೊಡ ಕಂಡಿರಲಿಲ್ಲ. ತೀರ್ಪುಗಾರರಿಗೂ ಕಂಡಿರಲಿಲ್ಲ ಎಂಬುದೊಂದೇ ಸಮಾಧಾನ.

ಗಂಗವ್ವ ಜಾಲಿ ಮರದಡಿ ಕುಂತಿದ್ದಳು. ಎದುರಿಗೆ ಒಂದು ಜೀಪು ನಿಂತು, ಅದರಲ್ಲಿದ್ದವರು ಹತ್ತಿರೆಂದು ಒತ್ತಾಯಿಸುತ್ತಿದ್ದರು. ದೇವರು ಎಲ್ಲೆಡೆ ಇದ್ದಾನೆಂಬ ನನ್ನ ಅಂಶವೂ ಅವರ ಬಾಯಲ್ಲಿತ್ತು. ನನ್ನ ಕಂಡವಳೇ, "ಬಾ ತಮ್ಮಾ, ನಿಮ್ಮ ಅಣ್ಣತಮ್ಮರು ಬಂದಾರ ನೋಡು," ಎಂದಳು. ಬೊಬ್ಬೆ ಮತ್ತೆ ತುಂಬಿತ್ತು.

"ತಪ್ಪು ನಂದು, ಆಯಿ," ಎಂದೆ. ಯಾವ ವೇದಿಕೆಯ ಮೇಲೂ ಆಡದ ಮಾತು; ನಾಲಿಗೆಗೆ ಅಭ್ಯಾಸವಿರಲಿಲ್ಲ. ಐದು ಸಲ ತಪ್ಪಿ ದಾರ ಪೋಣಿಸಿದೆ, ಈ ಕಡೆಯಿಂದ ಆ ಕಡೆಗೆ ಚುಚ್ಚಿ ಸೂಜಿಯನ್ನಷ್ಟೇ ತೆಗೆದೆ. ಎರಡು ಬದಿಗೂ ಬಿಳಿ ಬಾಲದಂತೆ ದಾರ ಜೋತಾಡಿತು. ಮುಗಿಯದ ಕೆಲಸದ ಹಾಗೆ ಕಂಡು ಕೈ ತುರಿಸಿತು, ತಡೆದುಕೊಂಡೆ.

"ಈ ಸಲ ಬಾಯಿ ಮುಚ್ಚಿದ್ದಿ ನೋಡು, ನೋವ ಆಗಲಿಲ್ಲ," ಎಂದು ಎದ್ದಳು. ಜೀಪು ಬರಿದಾಗಿಯೇ ಹೋಯಿತು.

ಯುಗಾದಿ ಕಳೆದು ಇಂಡಿ ಕಡೆಗೆ ಹೊರಟ ಟೆಂಪೊವೊಂದು ನಮ್ಮ ಅಂಗಡಿಯ ಮುಂದೆ ನಿಂತಿತು. ಕಿಟಕಿಯಿಂದ ಮೊದಲು ಹೊರಬಂದದ್ದು ಮುಖವಲ್ಲ, ಒಂದು ಅಂಗಾಲು. "ನೋಡೋ ತಮ್ಮಾ! ಮುಟ್ಟಿ ಬಂದೆ!" ಬೊಬ್ಬೆ ಒಣಗಿ ಹೊಸ ಚರ್ಮ ಬಂದಿತ್ತು, ದಾರ ಎಲ್ಲೋ ತಾನಾಗಿಯೇ ಉದುರಿತ್ತು. ಮರಳಿ ಬರುವಾಗ ಗಾಡಿ ಹತ್ತಿದ್ದರಿಂದ ನನ್ನ ವಾದವನ್ನು ಆಕೆ ಪೂರ್ತಿ ತಳ್ಳಿಹಾಕಿರಲಿಲ್ಲ ಎಂದು ದಯವಿಟ್ಟು ಗಮನಿಸಿ.

ದೇವರ ಬಗ್ಗೆ ನನ್ನ ತಕರಾರು ಹಾಗೇ ಇದೆ. ಕ್ಯಾಲೆಂಡರಿನ ಸೂಜಿಯೂ ಅಲ್ಲೇ ಇದೆ. ಅದರ ಕಣ್ಣಿನಲ್ಲಿ ಮಾತ್ರ ಈಗ ಒಂದು ಗೇಣು ದಾರ ಪೋಣಿಸಿಟ್ಟಿದ್ದೇನೆ. ಬರುವ ವರ್ಷ ಮೊದಲ ಗಿರಾಕಿಯನ್ನು ಐದು ಸಲ ಕಾಯಿಸುವುದು ಬೇಡವೆಂದು.