ಗುಡ್ಡ ಕಾಯುವ ಬ್ಯಾಟರಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಡ್ಡದ ಕೆಸರಿನಲ್ಲಿ ಮಂಡಿಯೂರಿ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು ಬ್ಯಾಟರಿ ಅಕ್ಕ ಗೂಟದ ಮೇಲಿನ ಡಬ್ಬಿ ಬಿಚ್ಚುತ್ತಿದ್ದಾರೆ. ಒಳಗೆ ಇರುವೆಗಳ ಸಂಸಾರ. "ಬಾಡಿಗೆ ಇಲ್ಲ, ಕರೆಂಟ್ ಬಿಲ್ ಇಲ್ಲ, ಆರಾಮಾಗಿದೀರಾ," ಎಂದು ಗದರಿ, ಉಫ್ ಎಂದು ಊದಿ, ಹೊಸ ಬ್ಯಾಟರಿ ಕೂರಿಸುತ್ತಾರೆ.

ಗುಡ್ಡದ ತುಂಬ ಇಂಥ ಡಬ್ಬಿಗಳಿವೆ. ಮಣ್ಣು ಕದಲಿದರೆ ಒಂದು ಡಬ್ಬಿ ಪಕ್ಕದ್ದಕ್ಕೆ ತಂತಿಯಿಲ್ಲದೆ ಸುದ್ದಿ ಮುಟ್ಟಿಸಿ, ಹಾಗೇ ದಾಟಿಸುತ್ತ ಕೆಳಗಿನ ಮನೆಗಳ ಸೈರನ್ ಕೂಗಿಸಬೇಕು. ಆ ಮನೆಗಳ ಮೊದಲ ಸಾಲಿನಲ್ಲೇ ಅಕ್ಕನ ತಂಗಿಯ ಸಂಸಾರವಿದೆ.

ಅಕ್ಕ ಮೊದಲು ಈ ಡಬ್ಬಿಗಳನ್ನು ನೆಡಿಸಿದ ಕಚೇರಿಯಲ್ಲಿ ನೆಲ ಒರೆಸುತ್ತಿದ್ದವರು. ಗುಡ್ಡ ಹತ್ತಲು ಯಾರೂ ಒಪ್ಪದಾಗ ಬ್ಯಾಟರಿ ಚೀಲ ಇವರ ಹೆಗಲಿಗೆ ಬಿತ್ತು. ಹೋದ ಮಳೆಗಾಲದಲ್ಲಿ ಮಂಡಿ ಊದಿಕೊಂಡಾಗ, "ಜೊತೆಗೆ ಇನ್ನೊಬ್ರನ್ನ ಕೊಡಿ ಸಾರ್" ಎಂದು ಕೇಳಿದರು. ಕಚೇರಿ ಜನರನ್ನು ಕೊಡಲಿಲ್ಲ, ಬದಲಿಗೆ ಡಬ್ಬಿಗಳನ್ನೇ ಮಲಗಿಸಿತು. ನಿಮಿಷಕ್ಕೊಮ್ಮೆ ಮಣ್ಣು ನೋಡುತ್ತಿದ್ದವು ಗಂಟೆಗೊಮ್ಮೆ ಕಣ್ಣು ಬಿಡತೊಡಗಿದವು. ಬ್ಯಾಟರಿ ಉಳಿಯಿತು, ಉಳಿಸಿದ ಸಾಹೇಬರಿಗೆ ವೇದಿಕೆ ಮೇಲೆ ಚಪ್ಪಾಳೆಯೂ ಬಿತ್ತು.

"ಸುಳ್ಳ್ಯಾಕೆ ಹೇಳ್ಲಿ, ನನಗೂ ಖುಷಿಯಾಗಿತ್ತು. ಮಂಡಿಗೆ ಒಸಿ ಆರಾಮ ಸಿಕ್ತಲ್ಲ," ಎನ್ನುತ್ತಾರೆ ಅಕ್ಕ.

ಆಮೇಲೊಂದು ಮಧ್ಯಾಹ್ನ, ಜಡಿಮಳೆಯಲ್ಲಿ, ತಂಗಿಯ ಅಡುಗೆಮನೆಯ ಮೇಲೆ ಗುಡ್ಡ ಜಾರಿತು. ಡಬ್ಬಿಗಳು ಮಲಗಿದ್ದವು. ಜನ ಗುದ್ದಲಿ ಹಿಡಿದು ಮಣ್ಣು ತೆಗೆಯತೊಡಗಿದ ಮೇಲೆ ಸೈರನ್ ಕೂಗಿತು! ಮಕ್ಕಳನ್ನು ಶಾಲೆಯಿಂದ ಕರೆತರಲು ಹೋಗಿದ್ದರಿಂದ ತಂಗಿ ಉಳಿದುಕೊಂಡಳು.

ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ. ಬ್ಯಾಟರಿ ಉಳಿಸುವುದು ತಪ್ಪಲ್ಲ. ಬೇಸಿಗೆಯ ಒಣ ಗುಡ್ಡಕ್ಕೆ ಗಂಟೆಗೊಂದು ನೋಟ ಧಾರಾಳವಾಗಿ ಸಾಕು. ಮಳೆ ಸುರಿಯುವಾಗಲೂ ಮಲಗಿಸಿದರಲ್ಲ, ಇವರ ಬುದ್ಧಿಗೆ ಏನು ಬಡಿದಿತ್ತು? ಕೇಳಿದರೆ ಸಾಹೇಬರು ನನ್ನ ಮುಖ ನೋಡದೆ ಹೇಳುತ್ತಾರೆ: "ಆಯಮ್ಮನ ಕಾಲುನೋವು ನೋಡಿಯೇ ಮಾಡಿದ್ದು ಕಣ್ರೀ." ಅಂದರೆ ತಪ್ಪು ಮಂಡಿಯದ್ದು. ನಾಚಿಕೆಯಾಗಬೇಕು.

ಈ ಮಳೆಗಾಲಕ್ಕೆ ಡಬ್ಬಿಗಳು ಮತ್ತೆ ನಿಮಿಷಕ್ಕೊಮ್ಮೆ ನೋಡುತ್ತಿವೆ, ಬ್ಯಾಟರಿ ಬೇಗ ಬೇಗ ಮುಗಿಯುತ್ತಿದೆ. ಜೊತೆಗಾರರು ಮಾತ್ರ ಇನ್ನೂ ಬಂದಿಲ್ಲ. ಬೇರೆ ಮನೆ ಸಿಗದ ತಂಗಿ ಉಳಿದ ಕೋಣೆಯಲ್ಲೇ ಒಲೆ ಹೂಡಿದ್ದಾಳೆ. ಗುಡ್ಡ ಇಳಿದು ಬಂದ ಅಕ್ಕನ ಮಂಡಿಗೆ ಬಿಸಿನೀರಿನ ಬಟ್ಟೆ ಒತ್ತುತ್ತ, "ಸಾಕು ಬಿಟ್ಬಿಡಕ್ಕಾ ಈ ಕೆಲಸ," ಎಂದು ಅಳುತ್ತಾಳೆ.

ಅಕ್ಕ ಅವಳ ಕೈಯಿಂದ ಬಟ್ಟೆ ಕಿತ್ತುಕೊಳ್ಳುತ್ತಾರೆ.

"ನಾನು ಬಿಟ್ರೆ, ಮಕ್ಕಳನ್ನ ಕಟ್ಕೊಂಡು ನೀನಿಲ್ಲಿ ಹೆಂಗೆ ಮಲಗ್ತೀಯೇ?"