ಸೆರಾಫಿನಾಬಾಯಿ ಸಂತನಿಗೆ ಕೊಟ್ಟ ಸಜೆ

ಸೆರಾಫಿನಾಬಾಯಿ ತೀರಿಕೊಂಡು ತಿಂಗಳಾಗುತ್ತ ಬಂದಾಗ, ಬಿಣಗಾದ ಆ ಮನೆಯಿಂದ ಇನ್ನೊಬ್ಬರೂ ಹೋಗಿರುವುದು ಅವಳ ಗಂಡ ಕಾಯ್ತಾನನ ಗಮನಕ್ಕೆ ಬಂತು. ದೇವರ ಗೂಡಿನಲ್ಲಿ ಏಸು ಇದ್ದ, ಮರಿಯಮ್ಮ ಇದ್ದಳು. ನಡುವೆ ನಿಲ್ಲುತ್ತಿದ್ದ ಗೇಣುದ್ದದ ಸಂತ ಅಂತೋನಿ ಇರಲಿಲ್ಲ. ಭಾನುವಾರ ತಿಂಗಳ ಪೂಜೆ. ಇಗರ್ಜಿಯಲ್ಲಿ ಅದು ಮುಗಿದ ಮೇಲೆ ಫಾದರೂ ನೆರೆಹೊರೆಯವರೂ ಪ್ರಾರ್ಥನೆಗೆ ಮನೆಗೇ ಬರುವವರಿದ್ದರು.

“ಅಕ್ಕಿ ಡಬ್ಬಿ ನೋಡಿದ್ರ್ಯಾ ಪಪ್ಪಾ?” ಮಾಜಾಳಿಯಿಂದ ಬಂದಿದ್ದ ಮಗಳು ಲವೀನಾ ಕೇಳಿದಳು.

ಬೇರೆ ಮನೆಯಲ್ಲಾದರೆ ಇದು ವಿಚಿತ್ರ ಪ್ರಶ್ನೆ. ಸೆರಾಫಿನಾ ಸಂತರಿಗೆ ಕೈಮುಗಿದು ಸುಮ್ಮನಿರುವ ಜಾತಿಯಲ್ಲ, ಅವರನ್ನು ಕೆಲಸಕ್ಕೆ ಹಚ್ಚುವವಳು. ಅಂಕೋಲೆಯ ತವರಿನಿಂದ ಅವಳು ತಂದದ್ದು ಎರಡೇ: ಒಂದು ಅಂತೋನಿ, ಇನ್ನೊಂದು ಅವನನ್ನು ದಾರಿಗೆ ತರುವ ವಿದ್ಯೆ. ಬೀಗದ ಕೀಲಿ ಕಳೆದರೆ ಅಂತೋನಿಯ ಮುಖ ಗೋಡೆಗೆ. ಅದು ಎಲ್ಲಕ್ಕಿಂತ ಸಣ್ಣ ಸಜೆ. ಲವೀನಾಳಿಗೆ ಗಂಡು ಸಿಗದಿದ್ದಾಗ ಮಂಚದಡಿ. ಮಗನಿಗೆ ಗೋವೆಯಲ್ಲಿ ಕೆಲಸ ಸಿಗುವ ತನಕ ಇಡೀ ಮಳೆಗಾಲ ಅಕ್ಕಿ ಡಬ್ಬಿಯಲ್ಲಿ ತಲೆಕೆಳಗು. ಕೆಲಸವಾದ ದಿನ ಅವನನ್ನು ಎತ್ತಿ, ಸೆರಗಿನಿಂದ ಮುಖ ಒರೆಸಿ, ಮೇಣದಬತ್ತಿ ಹಚ್ಚಿ, “ಇಷ್ಟಕ್ಕೆ ಇಷ್ಟು ದಿನ ಬೇಕಾಯ್ತ ನಿಂಗೆ?” ಎಂದು ಗದರಿದ್ದಳು. ಕೋರಿದ್ದು ಆಗುವ ಮುಂಚೆ ಬಿಡುಗಡೆ ಮಾತ್ರ ಇಲ್ಲ. ಈ ಕಾಯಿದೆಯನ್ನು ಮನೆಯಲ್ಲಿ ಯಾರೂ ಮುರಿದವರಲ್ಲ.

ಅಕ್ಕಿ ಡಬ್ಬಿಯಲ್ಲಿ ಅವನಿರಲಿಲ್ಲ. ಮಂಚದಡಿ ಕಾಯ್ತಾನನ ಹಳೆಯ ಫ್ಯಾಕ್ಟರಿ ಬೂಟು ಮಾತ್ರ. ತಿಂಗಳಿಡೀ ನೆರೆಮನೆಯ ಊಟದಲ್ಲೇ ನಡೆದಿದ್ದ ಮನೆಯಲ್ಲಿ ಅಂದು ಸಂಜೆ ಮೊದಲ ಸಲ ಒಲೆ ಹಚ್ಚಿ, ಗಂಜಿಗೆಂದು ಉಪ್ಪಿನ ಭರಣಿಗೆ ಕೈಹಾಕಿದ ಲವೀನಾ ಚೀರಿದಳು.

“ಅಯ್ಯೋ ದೇವ್ರೇ!”

“ದೇವ್ರಲ್ಲ, ಅಂತೋನಿ,” ಎಂದ ಕಾಯ್ತಾನ, ಇಣುಕಿ ನೋಡಿ.

ಎರಡು ಪಾದಗಳು ಮೇಲೆ, ಉಳಿದ ಸಂತನೆಲ್ಲ ಉಪ್ಪಿನೊಳಗೆ. ಇಂಥ ಘೋರ ಸಜೆ ಈ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ.

“ಎತ್ತಿ ತೊಳ್ದು ಇಡ್ತೆ. ಫಾದರ್ ಬರೂದುಂಟು.”

“ಮುಟ್ಬೇಡ,” ಎಂದ ಕಾಯ್ತಾನ. “ಅವ್ಳು ಎಂತ ಕೇಳಿದ್ಳು ಅಂತ ಮೊದ್ಲು ಗೊತ್ತಾಗ್ಲಿ.”

ಆ ರಾತ್ರಿ ಗಂಜಿ ಸಪ್ಪೆಯಾಗಿಯೇ ಇಳಿಯಿತು. ಮಗಳು ಸುಖವಾಗಿದ್ದಳು, ಮಗನೂ ಹಾಗೆಯೇ. ಕುಡಿತವನ್ನು ಕಾಯ್ತಾನ ಬಿಟ್ಟು ವರ್ಷಗಳೇ ಆಗಿದ್ದವು. ಹಾಗಾದರೆ ಉಪ್ಪಿನವರೆಗೆ ಹೋದದ್ದು ಯಾವ ಕೋರಿಕೆ? ಅವಳನ್ನು ಒಯ್ದ ಎದೆನೋವು ಮೊದಲೇ ಶುರುವಾಗಿತ್ತೋ ಏನೋ, ಗಂಡನಿಗೆ ಹೇಳದೆ ಸಂತನ ಹತ್ತಿರ ಜೀವ ಬೇಡಿದಳೋ ಏನೋ. ಹಾಗಿದ್ದರೆ ಅಂತೋನಿ ಉಪ್ಪಿನಲ್ಲೇ ಕರಗಲಿ ಎಂದುಕೊಂಡ.

ತಿಳಿದಿದ್ದರೆ ಅದು ನಾಗುವಿಗೆ ಮಾತ್ರ. ನಾಗು ಇಗರ್ಜಿಯ ಬಾಗಿಲಲ್ಲಿ ಮೀನು ಮಾರುವವಳು. ಒಳಗೆ ಒಂದು ದಿನವೂ ಕಾಲಿಟ್ಟವಳಲ್ಲ, ಆದರೆ ಪೂಜೆ ಎಲ್ಲಿಗೆ ಬಂತೆಂದು ಗಂಟೆಯಲ್ಲೇ ಅಳೆಯುತ್ತಿದ್ದಳು. ನಡುವಿನ ಗಂಟೆಗೆ ಮೀನಿಗೆ ನೀರು ಚಿಮುಕಿಸುವುದು, ಕೊನೆಯ ಹಾಡಿಗೆ ಬುಟ್ಟಿಯ ಗೋಣಿ ಎತ್ತುವುದು. ಜ್ವರವಿರಲಿ ಮಳೆಯಿರಲಿ, ಸೆರಾಫಿನಾ ಒಂದು ಭಾನುವಾರವೂ ಇಗರ್ಜಿ ತಪ್ಪಿಸಿದವಳಲ್ಲ. ಯಾವಾಗಲೂ ಹಿಂದೆ, ಬಾಗಿಲ ಪಕ್ಕ ನಿಲ್ಲುತ್ತಿದ್ದಳು. “ಎಲ್ಲರ ಹಿಂದೆ ನಿಂತ ಆ ವಿನಯ!” ಎಂದು ಮಣ್ಣು ಮಾಡುವ ದಿನ ಫಾದರ್ ಕಣ್ಣೊರೆಸಿಕೊಂಡಿದ್ದರು. ಕಾಯ್ತಾನ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಕೊನೆಯ ಹಾಡನ್ನು ಹಾಡುತ್ತಲೇ ಹೊರಬಿದ್ದು, ಎರಡನೆಯ ಸಾಲಿಗೆ ಬಂಗಡೆಯ ಕಿವಿರು ಬಿಡಿಸಿ ನೋಡುತ್ತಿದ್ದ ಹೆಂಗಸು ಅವಳು. ಮುಂದಿನ ಬೆಂಚಿನ ಭಕ್ತರಿಗೆ ಅವಳು ಬಿಟ್ಟ ಮೀನೇ ಗತಿ.

ಭಾನುವಾರ ಕಾಯ್ತಾನನಿಗೆ ಮೊದಲ ಬೆಂಚು ಕೊಟ್ಟರು. ಪ್ರಸಾದದ ಸಾಲು ಹೊರಟದ್ದೇ ತಡ, ಗೋಡೆಗುಂಟ ಜಾರಿ ಹೊರಬಂದ.

“ನಾಗೂ, ಅಂತೋನಿ ಉಪ್ಪಲ್ಲಿದ್ದಾನೆ. ಎಂತಕ್ಕೆ?”

ನಾಗು ನಕ್ಕಳು, ಆಮೇಲೆ ಸೆರಗು ಕಣ್ಣಿಗೆ ಹೋಯಿತು. “ಹಾಕೇಬಿಟ್ರಾ ಬಾಯಿ! ಹಾಕ್ತೆ ಹಾಕ್ತೆ ಅಂತಿದ್ರು. ಅಣ್ಣಾ, ನೀವು ಸಿಟ್ಟು ಮಾಡ್ಕಣೂಕಾಗ. ‘ನನ್ಕಿಂತ ಒಂದಿನ ಮೊದ್ಲು ಇವ್ರನ್ನ ಕರ್ಕೊ’ ಅಂತ ಕೇಳಿದ್ರು.”

“ನನ್ನಾ?”

“ಮತ್ಯಾರ್ನ? ‘ಆ ಮನ್ಷ್ಯಾ ಒಂದ್ಸಲ ತಂದ ಬಂಗಡೆ ಬೆಕ್ಕೂ ಮೂಸ್ನೋಡಿ ಹೋಯ್ತು. ನಾ ಮೊದ್ಲು ಹೋದ್ರೆ ಉಪಾಸ ಬೀಳ್ತ್ರು, ನಾಗೂ’ ಅಂದ್ರು.”

ಕಾಯ್ತಾನ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಫ್ಯಾಕ್ಟರಿಯ ಮೂರು ಪಾಳಿಗೂ ಬಿಸಿ ಊಟ ಕಟ್ಟಿಕೊಟ್ಟವಳು ಭಾನುವಾರ ಭಾನುವಾರ ಇಗರ್ಜಿಗೆ ಬಂದು ಗಂಡನ ಸಾವನ್ನು ಬೇಡುತ್ತಿದ್ದಳು, ಅದೂ ಬಂಗಡೆಯ ಕಾರಣಕ್ಕೆ. ನಗು ಬಂತು, ಅದರ ಹಿಂದೆಯೇ ಬಂದ ಇನ್ನೊಂದನ್ನು ನುಂಗಿಕೊಂಡ. ಒಳಗೆ ಕೊನೆಯ ಹಾಡು ಎದ್ದಿತು. ನಾಗು ಗೋಣಿ ಎತ್ತಿದಳು.

“ಕಿವಿರು ಬಿಡಿಸಿ ಅಣ್ಣಾ.”

“ಕೆಂಪುಂಟು.”

“ಅದು ಕೆಂಪಾ? ಕಂದು ಬಿದ್ದದೆ, ನಿನ್ನೇದು. ನಾ ಮೋಸ ಮಾಡೂಕೆ ಇಟ್ಟದ್ದು. ಬಾಯಿ ಆಗಿದ್ರೆ ನನ್ನ ಮುಖಕ್ಕೇ ಎಸೀತಿದ್ರು.”

ಅವನು ಎಸೆಯಲಿಲ್ಲ, ಪಕ್ಕಕ್ಕಿಟ್ಟ. ಇನ್ನೊಂದನ್ನು ಒತ್ತಿ, ಕಣ್ಣು ನೋಡಿ, ಕಿವಿರು ಬಿಡಿಸಿ, ಮತ್ತೊಂದಕ್ಕೆ ಹೋದ. ಜನ ಹೊರಬರುವಾಗ ಒಳ್ಳೆಯ ಬಂಗಡೆಗಳೆಲ್ಲ ಅವನ ಚೀಲದಲ್ಲಿದ್ದವು.

“ಕಾಯ್ತಾನ, ಮುಂದೆ ಕೂತವರು ಹಿಂದೆ ಯಾವಾಗ ಬಂದ್ರಿ?” ಫಾದರ್ ಕೇಳಿದರು.

“ವಿನಯ, ಫಾದರ್,” ಎಂದ ಕಾಯ್ತಾನ, ಕೈ ಒರೆಸಿಕೊಳ್ಳುತ್ತ.

ಮನೆಗೆ ಬಂದು ಲವೀನಾಳನ್ನು ಜಗಲಿಗೆ ಅಟ್ಟಿ ತಾನೇ ಸಾರು ಮಾಡಿದ. ಉಪ್ಪನ್ನು ಅಂತೋನಿಯ ಪಕ್ಕದಿಂದಲೇ ತೆಗೆದ. ತಲೆಗಳನ್ನು ಹಿತ್ತಲಿಗೆ ಹಾಕಿದಾಗ ಬೆಕ್ಕು ಮೂಸಿತು, ನಿಂತಿತು, ಆಮೇಲೆ ಒಂದನ್ನೂ ಬಿಡದೆ ತಿಂದಿತು. ಕಾಯ್ತಾನ ಒಂದು ಚಮಚ ಸಾರು ಬಾಯಿಗಿಟ್ಟು ಮುಖ ಕಿವುಚಿದ, ಆದರೂ ಇನ್ನೊಂದು ಚಮಚ ತಿಂದ; ಉಪವಾಸ ಬೀಳುವ ಹಾಗಿರಲಿಲ್ಲ. ನಂತರ ಭರಣಿಗೆ ಕೈಹಾಕಿ ಸಂತನನ್ನು ಎಳೆದು, ಕೊಡವಿ, ಗೂಡಿನಲ್ಲಿ ಅವನ ಜಾಗಕ್ಕೇ ತಂದಿಟ್ಟ.

ಪ್ರಾರ್ಥನೆಗೆ ಬಂದ ಫಾದರ್ ಕನ್ನಡಕ ಸರಿಮಾಡಿಕೊಂಡರು. “ಇದೆಂತ, ಅಂತೋನಿ ಮುಖ ಗೋಡೆಗೆ?”

“ಉಪ್ಪು ಜಾಸ್ತಿ ಆಗಿದೆ, ಫಾದರ್. ಬರೂ ಭಾನುವಾರ ಸಾರು ಸರಿಯಾದ್ರೆ ತಿರುಗಿಸ್ತೆ.”