ಬಾಗಿಲಲ್ಲಿ ನಿಲ್ಲುವವಳು

ಬೇಸಿಸಹರ್‌ನಿಂದ ಕಾಠ್ಮಂಡುವಿಗೆ ಹೋಗುವ ದಾರಿಯಲ್ಲಿ ಹಾರನ್ ಇಲ್ಲದ ಬಸ್ಸು ಸಿಗಬಹುದು, ಹುಡುಕಿದರೆ ಬ್ರೇಕ್ ಇಲ್ಲದ ಬಸ್ಸೂ ಸಿಕ್ಕೀತು. ಆದರೆ ಹೆಂಗಸು ಕಂಡಕ್ಟರ್ ಇದ್ದ ಬಸ್ಸು ಒಂದೇ ಒಂದು. ಅದನ್ನು ಓಡಿಸುತ್ತಿದ್ದವನು ಹರ್ಕಬಹಾದುರ್ ಘಲೆ, ಕಂಡಕ್ಟರ್ ಅವನ ಹೆಂಡತಿ ಮನ್‌ಸರಿ. ನೆರವಿಗಿದ್ದ ಹುಡುಗ ಹೇಳದೆ ಕೇಳದೆ ಕತಾರಿಗೆ ಹೋಗಿಬಿಟ್ಟಾಗ, ಬೇರೆಯವನು ಸಿಗುವವರೆಗೆ ಎಂದು ಬಾಗಿಲಿಗೆ ಬಂದು ನಿಂತವಳು ಅವಳು. ಬೇರೆಯವನನ್ನು ಆಮೇಲೆ ಯಾರೂ ಹುಡುಕಲಿಲ್ಲ.

ಆ ಬಾಗಿಲಲ್ಲಿ ಅವಳನ್ನು ನೋಡಬೇಕಿತ್ತು. ಒಂದು ಕೈ ಕಂಬಿಗೆ, ಅರ್ಧ ಮೈ ಹೊರಗೆ, ತಲೆಗೆ ಬಿಗಿದ ಶಾಲು. "ಒಳಗೆ ಹೋಗಿ, ಒಳಗೆ ಹೋಗಿ, ಒಳಗೆ ಮೈದಾನ ಇದೆ!" ಎಂದು ಕೂಗುತ್ತಿದ್ದಳು. ಒಳಗೆ ಮೈದಾನವಿರಲಿ, ಕಾಲಿಡಲು ಜಾಗವಿರುತ್ತಿರಲಿಲ್ಲ. ಆದರೂ ಜನ ಆ ಮಾತಿಗೆ ನಕ್ಕು ಒಂದಿಷ್ಟು ಸರಿಯುತ್ತಿದ್ದರು. ಬಾಣಂತಿಗೆ ಸೀಟು ಕೊಡಿಸುವಾಗ ಎದುರಿಗಿದ್ದವನು ಪೊಲೀಸನೋ ಪುರೋಹಿತನೋ ಎಂದು ನೋಡುತ್ತಿರಲಿಲ್ಲ. ಮುದುಕಿಯರನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದಳು. ಬಸ್ಸಿನ ತಗಡಿಗೆ ಅವಳು ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೊರಡು. ಮುಗ್ಲಿಂಗ್‌ನಲ್ಲಿ ಊಟಕ್ಕೆ ನಿಲ್ಲಿಸಿದ ಮೇಲೆ ತಲೆ ಎಣಿಸದೆ ಆ ಎರಡು ಬಡಿತ ಬೀಳುತ್ತಲೇ ಇರಲಿಲ್ಲ. ಒಬ್ಬರು ಕಡಿಮೆ ಬಂದರೂ ಸರಿಯೇ, ಹೋಟೆಲಿನ ಹಿತ್ತಲು, ನದಿ ದಂಡೆ, ಎಲ್ಲ ಜಾಲಾಡಿ ಎಳೆದು ತರುತ್ತಿದ್ದಳು. ಗಂಡ ಹಾರನ್ ಹೊಡೆದು ಹೊಡೆದು ಸುಸ್ತಾಗುತ್ತಿದ್ದ.

ಒಂದು ದಿನ ಜಪಾನಿನಿಂದ ರಜೆಗೆ ಬಂದಿದ್ದ ಪ್ರಯಾಣಿಕನೊಬ್ಬ, ಅವಳು ಮುದುಕಿಯೊಬ್ಬಳನ್ನು ಇಳಿಸುವುದನ್ನು ನೋಡಿ, "ದೀದಿ, ಇದೇ ಕೆಲಸಕ್ಕೆ ಅಲ್ಲಿ ಕರೆದು ಸಂಬಳ ಕೊಡ್ತಾರೆ. ಭಾಷೆ ಕಲಿತು, ಎರಡು ವರ್ಷ ಓದಬೇಕು ಅಷ್ಟೆ," ಎಂದ. ಅವನು ತಮಾಷೆಗೆ ಹೇಳಿದ್ದು. ಮನ್‌ಸರಿ ಅದನ್ನು ಗಂಟು ಹಾಕಿಕೊಂಡಳು. ಎಂಟನೇ ತರಗತಿಗೆ ನಿಂತಿದ್ದ ಓದನ್ನು ಹಿಡಿದು ಹನ್ನೆರಡರವರೆಗೆ ಎಳೆದು ತಂದಳು. ಕಂಬಿಗೆ ಜೋತು ಬಿದ್ದೇ ಜಪಾನಿ ಪದಗಳನ್ನು ಬಾಯಿಪಾಠ ಮಾಡಿದಳು. ಸ್ಟೇರಿಂಗ್ ಹಿಡಿದ ಹರ್ಕ ಪ್ರಶ್ನೆ ಕೇಳಬೇಕು, ಇವಳು ಉತ್ತರ ಹೇಳಬೇಕು. ಭಾಷೆಯ ಪರೀಕ್ಷೆಯಲ್ಲಿ ಎರಡು ಸಲ ಉರುಳಿದಳು. "ಸಾಕು ಬಿಡೇ, ಈ ವಯಸ್ಸಲ್ಲಿ ಯಾಕೆ," ಎಂದು ಅತ್ತೆ ಅಂದರೆ, "ವಯಸ್ಸಾದವರನ್ನ ನೋಡ್ಕೊಳ್ಳೋ ಓದು ಅತ್ತೆ. ವಯಸ್ಸಾದಷ್ಟೂ ಒಳ್ಳೇದು," ಎಂದು ಬಾಯಿ ಮುಚ್ಚಿಸಿದಳು. ಮೂರನೇ ಸಲ ಪಾಸಾದಳು. ಛಲ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಮನ್‌ಸರಿಯ ಕಡೆ ಬೆರಳು ತೋರಿಸುತ್ತೇನೆ.

ಹೀಗೆ ಮೂವತ್ತೆರಡರ ಮನ್‌ಸರಿ, ಮಗಳನ್ನು ಅತ್ತೆಯ ಬಳಿ ಬಿಟ್ಟು, ಬಹುತೇಕ ಇಪ್ಪತ್ತರ ಆಸುಪಾಸಿನ ಆರು ಮಂದಿ ಜಪಾನಿ ತರಗತಿಯ ಸಹಪಾಠಿಗಳ ಜೊತೆ ಕಾಠ್ಮಂಡುವಿನ ವಿಮಾನ ನಿಲ್ದಾಣದಲ್ಲಿ ನಿಂತಿದ್ದಳು. ಎಲ್ಲರ ಹಣೆಯ ಮೇಲೂ ಅಂಗೈಯಗಲದ ಕೆಂಪು ಟೀಕಾ, ಕೊರಳಲ್ಲಿ ಚೆಂಡುಹೂವಿನ ಹಾರ, ಅದರ ಮೇಲೆ ಹರಸಿ ಹೊದಿಸಿದ ರೇಷ್ಮೆಯ ಖಾದಾ ಶಾಲು. ಏಳು ಜನರಲ್ಲಿ ಒಬ್ಬರೂ ವಿಮಾನ ಹತ್ತಿದವರಲ್ಲ. ಆದರೂ ಹತ್ತಿದವಳ ಹಾಗೆ ಇದ್ದವಳು ರೋಜಿನಾ ಮಾನಂಧರ್, ಅಸನ್ ಬಜಾರಿನ ಎಣ್ಣೆ ವ್ಯಾಪಾರಿಯ ಮಗಳು. ತರಗತಿಯಲ್ಲಿ ಅವಳೇ ಮೊದಲು, ಮನ್‌ಸರಿ ಕೊನೆ. ಕಂಡಕ್ಟರ್ ದೀದಿಯ ಪಕ್ಕದ ಸೀಟು ತನಗೆ ಬಂದಿದ್ದಕ್ಕೆ ರೋಜಿನಾಳ ಮುಖ ಹುಳ್ಳಗಾಗಿತ್ತು.

ಕಳಿಸುವ ಏಜೆನ್ಸಿಯವನು ಕೊನೆಯ ಸಲ ಎಲ್ಲರನ್ನೂ ಗುಂಪುಗೂಡಿಸಿ ಹೇಳಿದ: "ನಾಡಿದ್ದು ಬೆಳಿಗ್ಗೆ ಜಪಾನಿನ ಶಾಲೆಯಲ್ಲಿ ಹಾಜರಿ. ಕ್ವಾಲಾಲಂಪುರದಲ್ಲಿ ವಿಮಾನ ತಪ್ಪಿಸ್ಕೊಂಡ್ರೆ ಶಾಲೆಯ ಸೀಟೂ ಹೋಯ್ತು ಅಂತಲೇ ಲೆಕ್ಕ. ಆಮೇಲೆ ನನ್ನ ಹತ್ರ ಅಳಬೇಡಿ."

ವಿಮಾನದ ಮೆಟ್ಟಿಲ ಬಳಿ ಮನ್‌ಸರಿ ಎಲ್ಲರನ್ನೂ ಮುಂದೆ ಬಿಟ್ಟು ತಾನು ಕೊನೆಗೆ ಹತ್ತಿದಳು. ತಲೆ ಎಣಿಸಿದಳು. ಸರಿ ಬಂತು. ಕೈ ತಾನಾಗಿಯೇ ಮೇಲೆದ್ದು ವಿಮಾನದ ಮೈಗೆ ಎರಡು ಸಲ ಬಡಿಯಿತು. ಧಪ್, ಧಪ್.

ಬಾಗಿಲಲ್ಲಿ ಕೈಮುಗಿದು ನಿಂತಿದ್ದ ಗಗನಸಖಿ ಬೆಚ್ಚಿಬಿದ್ದಳು. ಸಹಪಾಠಿಗಳಲ್ಲೊಬ್ಬ, ಬರ್ದಿಯಾ ಕಡೆಯ ಸೋಮ್‌ಲಾಲ್ ಚೌಧರಿ, ಬಸ್ಸಿನ ಡ್ರೈವರನ್ನು ಕರೆಯುವ ಹಾಗೆ ಒಳಗಿನಿಂದಲೇ ಕೂಗಿದ: "ಹೊರಡ್ಲಿ ಗುರೂಜಿ, ಹೊರಡ್ಲಿ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗದವಳು ರೋಜಿನಾ ಒಬ್ಬಳೇ.

"ದೀದಿ, ಇದು ನಿಮ್ಮ ಬಸ್ಸಲ್ಲ," ಎಂದಳು, ಹಲ್ಲು ಕಚ್ಚಿ.

"ಗೊತ್ತು ಬಹಿನಿ. ಬಸ್ಸಾಗಿದ್ರೆ ಇಷ್ಟೊತ್ತಿಗೆ ಹೊರಟಿರ್ತಿತ್ತು," ಎಂದು ಮನ್‌ಸರಿ ಬೆಲ್ಟಿನ ಕೊಂಡಿ ಹುಡುಕತೊಡಗಿದಳು.

ಮೇಲೆ ಹೋಗಿ ಸ್ವಲ್ಪ ಹೊತ್ತಿಗೆ ಮೋಡ ಎದುರಾಯಿತು. ವಿಮಾನ ಒಂದು ಸಲ ನಡುಗಿತು, ಇನ್ನೊಂದು ಸಲ ನಡುಗಿತು, ಮೂರನೇ ಸಲ ತಳ ಕಳಚಿದ ಹಾಗೆ ಕೆಳಗೆ ಜಾರಿತು. ತಟ್ಟೆಗಳು ಬಿದ್ದವು. ರೋಜಿನಾ ಕಿಟಾರನೆ ಕಿರುಚಿ ಮನ್‌ಸರಿಯ ತೋಳಿಗೆ ಉಗುರಿಳಿಸಿದಳು. ಆಮೇಲೆ ವಾಂತಿ ಶುರುವಾಯಿತು. ಮನ್‌ಸರಿಯ ಬಳಿ ಪ್ಲಾಸ್ಟಿಕ್ ಚೀಲಗಳಿದ್ದವು, ಬಾಯಿ ರುಚಿಗೆ ಲಪ್ಸಿ ಹಣ್ಣಿನ ಹುಳಿ ತುಣುಕುಗಳಿದ್ದವು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹುಡುಗಿಯ ಹಣೆ. ಹೇಸಿಗೆ ಎಂಬ ಪದವನ್ನೇ ಕೇಳದವಳ ಹಾಗೆ ಕೂತಿದ್ದಳು. "ಆಯ್ತು ಆಯ್ತು, ಇನ್ನೇನು ಬಂದ್ಬಿಡ್ತು," ಎನ್ನುತ್ತಿದ್ದಳು. ಎಲ್ಲಿ ಬಂತೋ ಅವಳಿಗೂ ಗೊತ್ತಿರಲಿಲ್ಲ.

ಕ್ವಾಲಾಲಂಪುರದಲ್ಲಿ ಆ ರಾತ್ರಿ ಕಳೆಯಬೇಕಿತ್ತು. ಏಳೂ ಜನ ಚೀಲಗಳನ್ನು ತಲೆಗಿಟ್ಟು ನಿಲ್ದಾಣದ ರತ್ನಗಂಬಳಿಯ ಮೇಲೆ ಮಲಗಿದರು. ಬೆಳಿಗ್ಗೆ ಅವಲಕ್ಕಿ ಹಂಚಿಕೊಂಡು ತಿಂದರು. ಟೋಕಿಯೋ ವಿಮಾನಕ್ಕೆ ಸಾಲು ಹಿಡಿದಾಗ ಮನ್‌ಸರಿ ಎಣಿಸಿದಳು. ಒಬ್ಬರು ಕಡಿಮೆ. ಇನ್ನೊಮ್ಮೆ ಎಣಿಸಿದಳು.

"ರೋಜಿನಾ ಎಲ್ಲಿ?"

"ಮುಖ ತೊಳ್ಕೊಂಡು ಬರ್ತೀನಿ ಅಂದ್ಳು. ಆಗಲೇ ಹೋಗಿದ್ದು," ಎಂದ ಸೋಮ್‌ಲಾಲ್. "ನೀವು ಹತ್ತಿ ದೀದಿ, ಬರ್ತಾಳೆ. ಓದಿದ ಹುಡುಗಿ, ದಾರಿ ತಪ್ತಾಳಾ?"

"ಬಾಗಿಲು ಮುಚ್ಚೋಕೆ ಬಿಡಬೇಡಿ," ಎಂದವಳೇ ಮನ್‌ಸರಿ ಹೊರಟಳು.

ತನ್ನ ಸೀಟೂ ಅದೇ ವಿಮಾನದಲ್ಲಿದೆ, ಅದು ಹೋದರೆ ಇಷ್ಟು ವರ್ಷ ಕಂಬಿಗೆ ಜೋತು ಕಲಿತದ್ದೆಲ್ಲ ನೀರಿನಲ್ಲಿ ಹೋಮ ಎಂಬುದು ಅವಳಿಗೆ ತಿಳಿಯದ್ದೇನಲ್ಲ. ಆದರೆ ಕಾಲು ಆಗಲೇ ಓಡುತ್ತಿದ್ದವು. ಊಟದ ನಂತರ ಕಾಣೆಯಾದವರು ಎಲ್ಲಿರುತ್ತಾರೆ ಎಂಬುದು ಮುಗ್ಲಿಂಗ್‌ನಲ್ಲೂ ಒಂದೇ, ಮಲೇಷಿಯಾದಲ್ಲೂ ಒಂದೇ. ಹೆಂಗಸರ ಶೌಚಾಲಯದ ಕೊನೆಯ ಬಾಗಿಲ ಕೆಳಗೆ ರೋಜಿನಾಳ ಬಿಳಿ ಬೂಟು ಕಂಡವು.

"ರೋಜಿನಾ, ಹೊರಗೆ ಬಾ. ಕರೀತಿದ್ದಾರೆ."

"ನಾನು ಬರಲ್ಲ ದೀದಿ. ನೀವು ಹೋಗಿ."

"ಹೊಟ್ಟೆ ಸರಿ ಇಲ್ವಾ?"

"ಮತ್ತೆ ಅದರೊಳಗೆ ಕೂರಲ್ಲ. ಕೊಂದ್ರೂ ಕೂರಲ್ಲ. ನಿನ್ನೆ ಅದು ಕೆಳಗೆ ಜಾರಿದಾಗ ನಾನು ಸತ್ತೇ ಹೋದೆ ಅನ್ಕೊಂಡೆ. ಇವತ್ತು ನಿನ್ನೆಗಿಂತ ಉದ್ದ, ಕೆಳಗೆ ಬರೀ ಸಮುದ್ರ. ನಾನು ಮನೆಗೆ ಹೋಗ್ತೀನಿ."

"ಹೋಗು. ಹೇಗೆ ಹೋಗ್ತೀಯ?"

ಒಳಗೆ ಅಳು ಶುರುವಾಯಿತು.

"ನಡ್ಕೊಂಡು ಹೋಗ್ತೀಯಾ? ಮನೆಗೆ ಹೋಗೋಕೂ ಅದರಲ್ಲೇ ಕೂರಬೇಕಲ್ಲೇ ಪುಣ್ಯಾತ್ಗಿತ್ತಿ. ಕೂರೋದೇ ಆದ್ರೆ ಮುಂದಕ್ಕೆ ಹೋಗೋದರಲ್ಲಿ ಕೂರು."

ಅಳು ಜೋರಾಯಿತು. ಹೊರಗೆ ಧ್ವನಿವರ್ಧಕ ಟೋಕಿಯೋ ಎಂದು ಮತ್ತೊಮ್ಮೆ ಕೂಗಿತು.

"ನಿಮಗೇನು ದೀದಿ!" ರೋಜಿನಾಳ ಮಾತು ಬಿಕ್ಕಳಿಕೆಯಲ್ಲಿ ತುಂಡಾಗಿ ಬಂತು. "ನಿಮಗೆ ಭಯ ಅಂದ್ರೇನು ಅಂತಲೇ ಗೊತ್ತಿಲ್ಲ. ಪ್ರಪಾತದ ಪಕ್ಕ ಬಾಗಿಲಿಗೆ ಜೋತು ಬಿದ್ದು ಬದುಕಿದವರು. ನನ್ನನ್ನ ಬಿಟ್ಬಿಡಿ."

ಮನ್‌ಸರಿ ಬಾಗಿಲಿಗೆ ಹಣೆ ಆನಿಸಿದಳು. ಮುಂದೆ ಅವಳು ಹೇಳಿದ್ದನ್ನು ಅದಕ್ಕೂ ಮೊದಲು ಯಾರ ಮುಂದೆಯೂ ಹೇಳಿರಲಿಲ್ಲ, ಹರ್ಕನ ಮುಂದೆಯೂ.

"ನಾನು ಬಾಗಿಲಲ್ಲಿ ಯಾಕೆ ನಿಲ್ತಿದ್ದೆ ಗೊತ್ತಾ? ಕೂತ್ರೆ ನನಗೆ ವಾಂತಿ ಬರುತ್ತೆ."

ಅಳು ತಟ್ಟನೆ ನಿಂತಿತು.

"ಏನು?"

"ಮದುವೆಯಾಗಿ ಮೊದಲ ಸಲ ಅವರ ಬಸ್ಸಲ್ಲಿ ಕೂತಾಗಲೇ ಗೊತ್ತಾಯ್ತು. ಎರಡು ತಿರುವು ದಾಟಿದ್ರೆ ಕರುಳೆಲ್ಲ ಬಾಯಿಗೆ. ಬಾಗಿಲಲ್ಲಿ ನಿಂತು ಮುಖಕ್ಕೆ ಗಾಳಿ ಬಿದ್ರೆ ತಡ್ಕೋಬಹುದು. ಸೀಟು ಖಾಲಿ ಇದ್ದಾಗೆಲ್ಲ ಜನ ಕೂತ್ಕೋ ಕೂತ್ಕೋ ಅಂತಾರೆ. ನಾನು ದೊಡ್ಡ ಧೀರೆಯ ಹಾಗೆ, ನನಗೆ ನಿಂತೇ ಅಭ್ಯಾಸ ಅಂತೀನಿ. ಕಂಡಕ್ಟರೇ ಕಾರ್ಕೊಂಡ್ರೆ ಆ ಬಸ್ಸು ಯಾರು ಹತ್ತುತ್ತಾರೆ ಹೇಳು? ಹನ್ನೊಂದು ವರ್ಷ, ಓಡೋ ಗಾಡಿಯಲ್ಲಿ ನಾನು ಕೂತಿಲ್ಲ, ಕಣ್ಣು ಮುಚ್ಚಿಲ್ಲ."

"ನಿನ್ನೆ ಮತ್ತೆ..."

"ನಿನ್ನೆ ನೀನು ಕಾರಿದ್ದನ್ನ ಹಿಡಿದಿದ್ದೆನಲ್ಲ, ನನ್ನದು ಇಲ್ಲೇ ಗಂಟಲಲ್ಲಿತ್ತು. ನುಂಗಿ ನುಂಗಿ ಕೂತಿದ್ದೆ. ಅದು ಕೆಳಗೆ ಜಾರಿದಾಗ ನಾನೂ ಮಗಳನ್ನ ನೆನಸ್ಕೊಂಡೆ, ಮುಗೀತು ಅಂತ. ನಿನ್ನ ಚೀಲ ಹಿಡಿಯೋ ಕೆಲಸ ಇತ್ತು ನೋಡು, ಅದೊಂದರಿಂದ ಬದುಕಿದೆ." ಅವಳ ಧ್ವನಿ ಸಣ್ಣದಾಯಿತು. "ನೀನು ಬರದಿದ್ರೆ ನಾನೂ ಹತ್ತಲ್ಲ ಬಹಿನಿ. ದೊಡ್ಡತನ ಅನ್ಕೋಬೇಡ. ಒಬ್ಬಳೇ ಅಲ್ಲಿ ಕೂರೋಕೆ ನನ್ನ ಕೈಲಾಗಲ್ಲ. ನಂಬಿಕೆ ಇಲ್ದಿದ್ರೆ ಕೆಳಗೆ ಬಗ್ಗಿ ನನ್ನ ಕಾಲು ನೋಡು."

ರೋಜಿನಾ ನಿಜಕ್ಕೂ ಬಗ್ಗಿ ನೋಡಿದಳು. ಬಾಗಿಲ ಆಚೆ ಎರಡು ಕಾಲುಗಳು ಚಳಿ ಜ್ವರ ಬಂದವರ ಹಾಗೆ ನಡುಗುತ್ತಿದ್ದವು.

ಚಿಲಕ ಸರಿಯಿತು. ಮೂಗು ಕೆಂಪಾದ, ಕಾಡಿಗೆ ಕೆನ್ನೆಗೆಲ್ಲ ಹರಡಿದ ರೋಜಿನಾ ಹೊರಗೆ ಬಂದಳು. ಒಬ್ಬರನ್ನೊಬ್ಬರು ನೋಡಿದರು. ಮಾತಾಡಲು ಪುರುಸೊತ್ತಿರಲಿಲ್ಲ. ಮನ್‌ಸರಿ ಅವಳ ಚೀಲ ಕಿತ್ತುಕೊಂಡು ಹೆಗಲಿಗೆ ಹಾಕಿದಳು, ಇಬ್ಬರೂ ಓಡಿದರು.

ದ್ವಾರದಲ್ಲಿ ದೊಡ್ಡ ಗಲಾಟೆ. ನಮ್ಮ ಕಡೆ ಬಸ್ಸು ಹೊರಟಾಗ ತಡವಾದವರಿಗಾಗಿ ಒಳಗಿನವರೆಲ್ಲ ಕೂಗುವುದುಂಟಲ್ಲ, ಉಳಿದ ಐದೂ ಮಂದಿ ಹಾಗೇ ಕೂಗುತ್ತಿದ್ದರು: "ಜನ ಬರೋದಿದೆ! ಜನ ಬರೋದಿದೆ!" ಅದೂ ನೇಪಾಳಿಯಲ್ಲಿ. ಸೋಮ್‌ಲಾಲ್ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು, ಜೇಬಿನಿಂದ ಜೇಬಿಗೆ ಪಾಸ್‌ಪೋರ್ಟ್ ಹುಡುಕುವ ನಾಟಕವಾಡುತ್ತಿದ್ದ. ಪಾಸ್‌ಪೋರ್ಟ್ ಅವನ ಬಾಯಲ್ಲೇ ಇತ್ತು. ಸಿಬ್ಬಂದಿಯ ಹೆಂಗಸು ತಾಳ್ಮೆಯ ಕೊನೆಯ ಎಳೆಯಲ್ಲಿದ್ದಳು. ಓಡಿ ಬಂದ ಇಬ್ಬರ ಚೀಟಿ ಕಿತ್ತುಕೊಂಡು ನೋಡಿ, ಕೈ ಬೀಸಿ ಒಳಗೆ ತಳ್ಳಿದಳು. ಹಿಂದೆಯೇ ಬಾಗಿಲು ಬಿತ್ತು.

ವಿಮಾನ ನೆಲ ಬಿಟ್ಟಾಗ ರೋಜಿನಾ ಕಣ್ಣು ಬಿಗಿ ಮುಚ್ಚಿದ್ದಳು. ಪಕ್ಕದಲ್ಲಿ ಮನ್‌ಸರಿಯ ಕೈ ಐಸಿನ ಹಾಗಿತ್ತು. ರೋಜಿನಾ ಕಣ್ಣು ತೆರೆದು ನೋಡಿದರೆ ದೀದಿಯ ಮುಖ ಸುಣ್ಣವಾಗಿದೆ, ತುಟಿ ಒತ್ತಿ ಹಿಡಿದಿದ್ದಾಳೆ, ನುಂಗುತ್ತಿದ್ದಾಳೆ. ತರಗತಿಯ ಮೊದಲನೆಯವಳು ಗಡಬಡಿಸಿ ಪ್ಲಾಸ್ಟಿಕ್ ಚೀಲ ಬಿಡಿಸಿ ಅವಳ ಬಾಯಿಗೆ ಹಿಡಿದಳು.

"ನುಂಗಬೇಡ ದೀದಿ. ಇಲ್ಲಿ ಯಾರೂ ನಿನ್ನ ಬಸ್ಸಿನವರಿಲ್ಲ. ಹೋಗಲಿ ಬಿಡು."

ಹನ್ನೊಂದು ವರ್ಷದ್ದೆಲ್ಲ ಹೋಯಿತೇನೋ ಎಂಬಂತೆ ಹೋಯಿತು. ಹಿಂದಿನ ಸಾಲಿನಿಂದ ಸೋಮ್‌ಲಾಲ್ ಇಣುಕಿದ. "ಅಯ್ಯೋ, ಕಂಡಕ್ಟರ್‌ಗೇ ಹೀಗಾದ್ರೆ ನಮ್ಮ ಗತಿ ಏನಪ್ಪಾ!"

"ಸುಮ್ನೆ ಕೂತ್ಕೊಳ್ಳೋ ಕತ್ತೆ!" ಎಂದು ರೋಜಿನಾ ಗದರಿದಳು. ಆ ಗದರುವಿಕೆಯ ಧಾಟಿ ದೀದಿಯದೇ ಎಂದು ಕೇಳಿದವರಿಗೆಲ್ಲ ಗೊತ್ತಾಯಿತು. ವಾಂತಿಯ ನಡುವೆಯೂ ಮನ್‌ಸರಿಗೆ ನಗು ಬಂತು.

ಮನ್‌ಸರಿ ಬಾಯಿ ತೊಳೆದು ಬಂದ ಮೇಲೆ ರೋಜಿನಾ ತನ್ನ ಶಾಲನ್ನು ಮಡಿಸಿ ಹೆಗಲ ಮೇಲಿಟ್ಟುಕೊಂಡು, ದೀದಿಯ ತಲೆಯನ್ನು ಅದಕ್ಕೆ ಒರಗಿಸಿದಳು.

"ಮಲಗು. ನಾನು ಎಚ್ಚರ ಇರ್ತೀನಿ."

"ನಿನಗೆ ಭಯ ಆಗಲ್ವೇನೇ?"

"ಆಗುತ್ತೆ. ಮಲಗು ನೀನು."

ಮನ್‌ಸರಿ ಒಂದೆರಡು ಸಲ ಕಣ್ಣು ಬಿಟ್ಟು ಸುತ್ತ ನೋಡಿದಳು, ಆಮೇಲೆ ನೋಡಲಿಲ್ಲ. ಸಮುದ್ರದ ಮೇಲೆ ವಿಮಾನ ಮತ್ತೆ ಒಂದು ಸಲ ಜಾರಿತು. ಯಾರೋ ಕಿರುಚಿದರು. ರೋಜಿನಾಳ ಬಾಯಿಗೂ ಕಿರುಚು ಬಂದಿತ್ತು. ಹೆಗಲ ಮೇಲಿನ ತಲೆ ಅಲುಗೀತೆಂದು ಅದನ್ನು ನುಂಗಿಕೊಂಡಳು. ಹಾಗೇ, ತೋಳು ಜೋಮು ಹಿಡಿದರೂ ಸರಿಸದೆ, ಜಪಾನಿನ ನೆಲ ಕಾಣುವವರೆಗೆ ಕೂತಿದ್ದಳು. ಮನ್‌ಸರಿ ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತ ಮಲಗಿದ್ದಳು.